ಸ್ಲೀಪ್‌ನಿಂದ ಏಳದ ಪಿಸಿಗೆ ಫಾರ್ಮ್ಯಾಟ್ ಮದ್ದಲ್ಲ

ನಾವೇ ಪಾರ್ಟ್ಸ್ ತಂದು ಜೋಡಿಸಿದ ಪಿಸಿ, ಗೇಮ್ ಆಡಿದ್ರೂ ವಿಡಿಯೋ ರೆಂಡರ್ ಮಾಡಿದ್ರೂ ಜಗ್ಗಲ್ಲ, ಸ್ಲೀಪ್‌ಗೆ ಹಾಕಿ ಎಬ್ಬಿಸಿದ್ರೆ ಮಾತ್ರ ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಸ್ಕ್ರೀನ್ ಕಪ್ಪು. ಕೇಳಿದವರೆಲ್ಲ ಹೇಳೋದು ಒಂದೇ, ವಿಂಡೋಸ್ ಹೊಸದಾಗಿ ಹಾಕು ಅಂತ. ಇನ್ನು ವಿಂಡೋಸ್ ತನ್ನ ಎರರ್‌ಗಳನ್ನ ಬರೆದಿಡೋ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡ್ರೆ ಸಾಕು, ಪಿಸಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಹೋಗಿದೆ ಅಂತ ಹೊಸದು ತಂದುಬಿಡ್ತಾರೆ. ಆ 41 ಹೇಳೋದು ಹಿಂದಿನ ಸಲ ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಅಷ್ಟೇ, ಕಾರಣ ಅದ್ರಲ್ಲಿಲ್ಲ.

ಎಸ್3 ಅಂತ ಕರೆಯೋ ಈ ಸ್ಲೀಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲಾ ಆಫ್, ಜೀವ ಇರೋದು ಮುಖ್ಯವಾಗಿ ರ‍್ಯಾಮ್‌ಗೆ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ಡಿರ‍್ಯಾಮ್ ಇದು, ಒಂದೊಂದು ಬಿಟ್ಟೂ ಚಿಕ್ಕ ಕೆಪಾಸಿಟರ್‌ನಲ್ಲಿರೋ ಚಾರ್ಜ್, ತೂತುಬಿದ್ದ ಕೊಡದ ಥರ ಸೋರ್ತಾನೇ ಇರುತ್ತೆ. ಡಿಡಿಆರ್4 ಅನ್ನೋ ತಲೆಮಾರಿನ ರ‍್ಯಾಮ್‌ನಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡ್ ಒಳಗೆ ಎಲ್ಲಾ ಸಾಲುಗಳನ್ನೂ ಮತ್ತೆ ತುಂಬಬೇಕು, ಸ್ಲೀಪ್‌ನಲ್ಲಿ ಈ ಕೆಲ್ಸನ ರ‍್ಯಾಮ್ ಚಿಪ್ಪೇ ಮಾಡ್ಕೊಳ್ಳುತ್ತೆ. ಅದಕ್ಕೆ ಕರೆಂಟ್ ಬರೋದು ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಹೋಗೋ 24 ಪಿನ್ ಕನೆಕ್ಟರ್‌ನ 9ನೇ ಪಿನ್‌ನಿಂದ, ಪಿಸಿ ಆಫ್ ಇದ್ರೂ ಕರೆಂಟ್ ಇರೋ 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನು, 1995ರಲ್ಲಿ ಎಟಿಎಕ್ಸ್ ಅನ್ನೋ ಬೋರ್ಡ್, ಎಸ್‌ಎಂಪಿಎಸ್ ಸ್ಟ್ಯಾಂಡರ್ಡ್ ಬಂದಾಗ ಬಂದ ವ್ಯವಸ್ಥೆ. ಮುಂದಿನ ವರ್ಷವೇ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನೋ ಸ್ಟ್ಯಾಂಡರ್ಡ್ ತಂದು ಈ ನಿದ್ದೆಗಳಿಗೆಲ್ಲ ಒಂದು ನಿಯಮ ಬರೆದ್ರು.

ಎಡವಟ್ಟಾಗೋದು ಏಳುವಾಗ. ಪ್ರೊಸೆಸರ್‌ಗೆ ಹಿಂದಿನದು ಏನೂ ನೆನಪಿಲ್ಲ, ಶುರುವಿಂದ ಹೊರಡುತ್ತೆ. ಫುಲ್ ಬೂಟ್‌ನಲ್ಲಾದ್ರೆ ಬೋರ್ಡ್‌ನಲ್ಲೇ ಇರೋ ಬಯಾಸ್ ಪ್ರೋಗ್ರಾಮ್ ರ‍್ಯಾಮ್ ಜೊತೆ ಟೈಮಿಂಗ್ ಹೊಂದಿಸ್ಕೊಳ್ಳುತ್ತೆ, ಇದೇ ಮೆಮೊರಿ ಟ್ರೈನಿಂಗ್. ಇಲ್ಲಿ ಪೂರ್ತಿ ಟ್ರೈನಿಂಗ್ ಮಾಡಿದ್ರೆ ರ‍್ಯಾಮ್‌ನಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಹಾಗಾಗಿ ಉಳಿಸಿಟ್ಟ ಹಳೇ ಸೆಟ್ಟಿಂಗನ್ನೇ ಹಾಕಿ ನಡೆಸ್ಬೇಕು. ರ‍್ಯಾಮ್ ಸ್ಪೀಡ್ ಹೆಚ್ಚಿಸೋ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿ ರ‍್ಯಾಮನ್ನ ಅದರ ಮಿತಿಯ ಅಂಚಿಗೆ ತಂದು ನಿಲ್ಲಿಸಿದ್ರೆ ಆ ಹಳೇ ಸೆಟ್ಟಿಂಗ್ ಈ ಕ್ಷಣಕ್ಕೆ ಹೊಂದದೇ ಹೋಗಬಹುದು. ಡಿಡಿಆರ್4ಗೆ ಮೆಮೊರಿ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಜೆಡೆಕ್‌ನ ಸ್ಪೀಡ್ ಸ್ಟ್ಯಾಂಡರ್ಡ್ ಇರೋದು 3200ರ ತನಕ, 3600ರ ಕಿಟ್ ಅಂದ್ರೆ ಡಬ್ಬದ ಮೇಲೇ ಬರೆದಿದ್ರೂ ಅದು ಓವರ್‌ಕ್ಲಾಕೇ. ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ಪಾಸಾಯ್ತು ಅನ್ನೋರು ಗಮನಿಸ್ಬೇಕು, ಆ ಟೆಸ್ಟ್‌ನಲ್ಲಿ ರ‍್ಯಾಮ್ ಒಂದ್ಸಲಾನೂ ನಿದ್ದೆಯಿಂದ ಎದ್ದಿಲ್ಲ!

ಕಪ್ಪು ಸ್ಕ್ರೀನ್ ಬಂದಾಗ ಪವರ್ ಬಟನ್ ಒತ್ತೋಕೆ ಮುಂಚೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿನೋಡಿ. ಲೈಟ್ ಹತ್ತಿ ಆರ್ತಾ ಇದ್ರೆ ಸಿಸ್ಟಮ್ ಎದ್ದಿರೋ ಸಾಧ್ಯತೆನೇ ಜಾಸ್ತಿ, ಗ್ರಾಫಿಕ್ಸ್ ಡ್ರೈವರ್ ಕಡೆ, ಕೇಬಲ್ ಕಡೆ ಹುಡುಕಿ. ಲೈಟ್ ಬದಲಾಗ್ಲಿಲ್ಲ ಅಂದ್ರೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ನೋಡಿ, ಐದು ನಿಮಿಷದ ನಿದ್ದೆನೂ ಇರ್ಲಿ, ರಾತ್ರಿಯಿಡೀ ನಿದ್ದೆನೂ ಇರ್ಲಿ. ಸರಿಹೋಯ್ತಾ, ಬಯಾಸ್ ಅಪ್‌ಡೇಟ್ ಮಾಡಿ ಇಲ್ಲಾ ಸ್ಪೀಡ್ ಒಂದು ಮೆಟ್ಟಿಲು ಇಳಿಸಿ. ಸರಿಹೋಗ್ಲಿಲ್ಲ ಅಂದ್ರೆ ಹೈಬರ್ನೇಟ್ ಮಾಡಿನೋಡಿ, ಅದ್ರಲ್ಲಿ ರ‍್ಯಾಮ್‌ನಲ್ಲಿರೋದೆಲ್ಲ ಡಿಸ್ಕ್‌ಗೆ ಹೋಗಿರುತ್ತೆ, ಏಳುವಾಗ ಮಾಮೂಲಿ ಬೂಟ್ ಥರಾನೇ ಹೊರಡುತ್ತೆ. ಹೈಬರ್ನೇಟ್ ಸರಿ, ಸ್ಲೀಪ್ ಮಾತ್ರ ಕೈಕೊಡುತ್ತೆ ಅಂದ್ರೆ ಅನುಮಾನ ಸ್ಟ್ಯಾಂಡ್‌ಬೈ ಲೈನ್ ಮೇಲೆ, ಬೋರ್ಡ್ ಮೇಲೆ. ಎರಡರಲ್ಲೂ ಕೈಕೊಟ್ರೆ ಡ್ರೈವರ್‌ಗಳನ್ನ ಒಂದೊಂದಾಗಿ ನೋಡ್ತಾ ಹೋಗಿ.