ಉತ್ತರ ಕರೇಲಿಯಾ ಯೋಜನೆ: ಪಕ್ಕದ ಪ್ರಾಂತ್ಯ ತಂದ ಪೇಚು

ಸಮುದಾಯ ಆರೋಗ್ಯದ ಪೇಪರ್‌ನಲ್ಲಿ, ಹೃದ್ರೋಗ ತಗ್ಗಿಸಲು ನಡೆದ ಉತ್ತರ ಕರೇಲಿಯಾ ಯೋಜನೆಯ ಬಗ್ಗೆ ಪ್ರಶ್ನೆ ಬಂದರೆ ಎಲ್ಲರೂ ಬರೆಯೋದು ಒಂದೇ ಸಾಲು: ಫಿನ್ಲೆಂಡ್, 1972, ಪೆಕ್ಕಾ ಪುಸ್ಕಾ, ಯಶಸ್ವಿ. ಅಷ್ಟಕ್ಕೇ ನಿಲ್ಲಿಸಿದರೆ ಅಸಲು ವಿಷಯ ಕೈತಪ್ಪಿತು.

ಉತ್ತರ ಕರೇಲಿಯಾ ರಷ್ಯಾ ಗಡಿಗೆ ಅಂಟಿಕೊಂಡ ಪ್ರಾಂತ್ಯ. ಮರ ಕಡಿಯುವವರು, ಹಸು ಸಾಕುವವರು. ಮೈಮುರಿದು ದುಡಿಯುತ್ತಿದ್ದ ಗಂಡಸರೇ ನಡುವಯಸ್ಸಿನಲ್ಲಿ ಹೃದಯಾಘಾತಕ್ಕೆ ಬಲಿಯಾಗುತ್ತಿದ್ದರು. ಇದರ ಕೆಳಗೆ ಗೆರೆ ಎಳೆದುಕೊಳ್ಳಿ: ದೈಹಿಕ ಶ್ರಮಕ್ಕೆ ಅಲ್ಲಿ ಬರ ಇರಲಿಲ್ಲ. ಕಾಟ ಕೊಟ್ಟದ್ದು ಬ್ರೆಡ್ಡಿಗೆ ದಪ್ಪಗೆ ಸವರಿದ ಬೆಣ್ಣೆ, ಉಪ್ಪು, ಸಿಗರೇಟು. 'ದಿನಾ ವಾಕಿಂಗ್ ಮಾಡಿ' ಅನ್ನುವ ನಮ್ಮ ಸಿದ್ಧ ಉತ್ತರ ಇಲ್ಲಿ ನಡೆಯಲ್ಲ.

1971ರಲ್ಲಿ ಅಲ್ಲಿನ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಕೆಲಸ ಶುರುವಾದಾಗ ಯೋಜನೆಯ ಮುಂದಾಳು, ವೈದ್ಯ ಪುಸ್ಕಾಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕರಪತ್ರ ಹಂಚಿ ಮನೆಗೆ ಹೋಗುವ ಜಾಯಮಾನ ಅವರದಲ್ಲ. ಮಾರ್ತಾ ಎಂಬ ಗೃಹಿಣಿಯರ ಸಂಘ ಹಳ್ಳಿಗಳಲ್ಲಿ ಕೂಟ ಏರ್ಪಡಿಸಿ, ಊರಿನ ಹಳೇ ಮಾಂಸದ ಅಡುಗೆಯನ್ನೇ ಕೊಬ್ಬು, ಉಪ್ಪು ಇಳಿಸಿ, ತರಕಾರಿ ಏರಿಸಿ ಬಡಿಸಿತು. ರಕ್ತದ ಕೊಲೆಸ್ಟ್ರಾಲ್ ಇಳಿಸಲು ಊರೂರಿನ ನಡುವೆ ಪೈಪೋಟಿ ಹಚ್ಚಿದರು. ಸಾಸೇಜು ಮಾಡುವವರು ಒಂದಷ್ಟು ಕೊಬ್ಬು ತೆಗೆದು ಅಣಬೆ ಸೇರಿಸಿದರು. (ರುಚಿ ಹೇಗಿತ್ತೋ, ಜನ ತಿಂದರು.) ಬೆಣ್ಣೆಗೆ ಬೇಡಿಕೆ ಕುಸಿದರೆ ಹೈನುಗಾರರ ಗತಿ? ಅವರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವಾದರು. ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ಜಾಣತನ ಇರೋದೇ ಇಲ್ಲಿ.

ಈಗ ಪೇಚು. ಹೋಲಿಕೆಗೆ ಇಟ್ಟುಕೊಂಡದ್ದು ಪಕ್ಕದ ಕುಓಪಿಯೋ ಪ್ರಾಂತ್ಯ. ಕಾರ್ಯಕ್ರಮವೇ ಇಲ್ಲದ ಅಲ್ಲೂ ಸಾವು ಇಳಿಯತೊಡಗಿತು! ಮೊದಲ ಐದು ವರ್ಷದ ನಂತರವಂತೂ ಯೋಜನೆಯ ಪಾಠವನ್ನು ದೇಶಕ್ಕೆಲ್ಲ ಹರಡಿದರು. 1995ರ ಹೊತ್ತಿಗೆ ನಡುವಯಸ್ಸಿನ ಗಂಡಸರಲ್ಲಿ ಪರಿಧಮನಿ ಹೃದ್ರೋಗದ (ಹೃದಯಕ್ಕೇ ರಕ್ತ ಒಯ್ಯುವ ನಾಳಗಳ ರೋಗ) ಸಾವಿನ ಪ್ರಮಾಣ ಉತ್ತರ ಕರೇಲಿಯಾದಲ್ಲಿ ಸುಮಾರು 73%, ಇಡೀ ಫಿನ್ಲೆಂಡಿನಲ್ಲಿ ಸುಮಾರು 65% ಇಳಿದಿತ್ತು.

'ಹೇಗಿದ್ದರೂ ಇಳಿಯುತ್ತಿತ್ತು' ಅನ್ನುವವರಿದ್ದಾರೆ. 'ಟಿವಿ, ಪತ್ರಿಕೆ, ಅಂಗಡಿಯ ಸಾಮಾನು ಗಡಿ ನೋಡಿ ನಿಲ್ಲುತ್ತವೆಯೇ? ಯೋಜನೆಯ ಯಶಸ್ಸೇ ಅತ್ತ ಸೋರಿತು' ಅನ್ನುವವರೂ ಇದ್ದಾರೆ. ಇದ್ದದ್ದೇ ಎರಡು ಪ್ರಾಂತ್ಯ, ಆಯ್ಕೆ ಚೀಟಿ ಎತ್ತಿ ಮಾಡಿದ್ದಲ್ಲ. ಹಾಗಾಗಿ ಅಂಕಿ ಒಂದರಿಂದಲೇ ಈ ಜಗಳ ತೀರದು. ಹತ್ತು ಅಂಕದ ಪ್ರಶ್ನೆಯಾದರೆ ಎರಡೂ ವಾದ ಬರೆದು, ಸಾಸೇಜಿನ ಅಣಬೆಯನ್ನು ಸೋರಿಕೆಗೆ ಉದಾಹರಣೆ ಕೊಡಿ: ಆ ಸಾಸೇಜು ಕುಓಪಿಯೋದ ಅಂಗಡಿಗೂ ಹೋಗಬಹುದಲ್ಲ!