ಮೀಟರಿನಲ್ಲಿ ಮಾಯವಾಗುವ ಗೆರೆಗಳು

ಕಳೆದ ಮೇ ತಿಂಗಳಲ್ಲಿ ನಮ್ಮ ಹಳೆಯ ಕಾರಿನ ಮೀಟರಿನಲ್ಲಿ ಅಂಕಿಗಳು ಅರ್ಧಂಬರ್ಧ ಕಾಣತೊಡಗಿದವು. ಬೆಳಿಗ್ಗೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಗಾಡಿ ತೆಗೆಯುವಾಗ ಎಲ್ಲ ಸರಿಯಾಗಿರುತ್ತಿತ್ತು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿಗೆ ಬಂದು ಕುಳಿತರೆ ಎಂಟು ಮೂರಾಗಿರುತ್ತಿತ್ತು. ಮೇಲಿನಿಂದ ಕೆಳಗೆ ನೆಟ್ಟಗೆ ನಾಲ್ಕೈದು ಗೆರೆಗಳೇ ಮಾಯ! ಸಂಜೆ ತಂಪಾದ ಮೇಲೆ ಒಂದೊಂದಾಗಿ ವಾಪಸ್ ಬರುತ್ತಿದ್ದವು.

ಸರ್ವೀಸ್ ಸೆಂಟರಿನವರು ಇಡೀ ಮೀಟರ್ ಬದಲಿಸಬೇಕು ಎಂದರು. ಮನಸ್ಸು ಒಪ್ಪಲಿಲ್ಲ. ಪರಿಚಯದವರೊಬ್ಬರು ಲ್ಯಾಮಿಂಗ್ಟನ್ ರಸ್ತೆಯ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡಿರುವ ಕುಂದಾಪುರದ ಕಡೆಯವರ ಬಳಿ ಕಳಿಸಿದರು. ಅವರು ಮೀಟರಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. ಎರಡು ಗೆರೆ ಮೂಡಿದವು. ಬೆರಳು ತೆಗೆದರೆ ಮತ್ತೆ ಹೋದವು. "ಡಿಸ್‌ಪ್ಲೇ ಹೋದದ್ದಲ್ಲ ಮಾರಾಯ್ರೆ, ಅಂಟು ಬಿಟ್ಟದ್ದು" ಎಂದರು.

ಈ ಮಾತು ಅರ್ಥವಾಗಬೇಕಾದರೆ ಡಿಸ್‌ಪ್ಲೇಯ ಗಾಜಿನ ಒಳಗೆ ಏನಿದೆ ಎಂದು ತಿಳಿಯಬೇಕು. ಅಲ್ಲಿ ಎರಡು ತೆಳು ಗಾಜುಗಳ ನಡುವೆ ದ್ರವ ಸ್ಫಟಿಕ ತುಂಬಿರುತ್ತದೆ. ಆ ಸಂದು ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ದ್ರವ ಸ್ಫಟಿಕ ಹರಿಯುತ್ತದೆ, ಆದರೆ ಅದರ ಅಣುಗಳು ಸ್ಫಟಿಕದ ಹಾಗೆ ಶಿಸ್ತಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಸಸ್ಯಶಾಸ್ತ್ರಜ್ಞರು ಕ್ಯಾರೆಟ್ಟಿನಿಂದ ತೆಗೆದ ವಸ್ತುವೊಂದರ ಮೇಲೆ ಕೆಲಸ ಮಾಡುತ್ತಿದ್ದಾಗ ಇಂಥದ್ದನ್ನು ಮೊದಲು ಕಂಡರು. ಅದು ಸುಮಾರು 145 ಡಿಗ್ರಿಯಲ್ಲಿ ಕರಗಿ ಮಂಜುಮಂಜಾಯಿತು, 178ರ ಹೊತ್ತಿಗೆ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ಈ ವಿಷಯದಲ್ಲಿ ನಮ್ಮವರ ಪಾಲೂ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದ ಎಸ್. ಚಂದ್ರಶೇಖರ್ ಮತ್ತು ಅವರ ಜೊತೆಗಾರರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಎಂದು ತೋರಿಸಿದರು. ಪರದೆಯನ್ನು ಪಕ್ಕದಿಂದ ನೋಡಿದರೂ ಸ್ಪಷ್ಟವಾಗಿ ಕಾಣುವಂತೆ ಮಾಡುವ ಹಾಳೆಗಳಲ್ಲಿ ಮುಂದೆ ಅಂಥ ಅಣುಗಳೇ ಬಳಕೆಗೆ ಬಂದವು.

ಮೀಟರಿನ ಗಾಜಿನಲ್ಲಿ ಈ ಅಣುಗಳು ಸುತ್ತು ಮೆಟ್ಟಿಲಿನಂತೆ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಗಾಜಿನ ಎರಡೂ ಬದಿಗೆ ಒಂದೊಂದು ದಿಕ್ಕಿನ ಬೆಳಕನ್ನು ಮಾತ್ರ ಬಿಡುವ ಹಾಳೆಗಳಿರುತ್ತವೆ. ಬೆಳಕೂ ಅಣುಗಳ ಜೊತೆಗೇ ತಿರುಗಿ ಎರಡನೇ ಹಾಳೆ ದಾಟಿ ಆಚೆ ಬರುತ್ತದೆ. ಕರೆಂಟ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕು ತಿರುಗುವುದಿಲ್ಲ, ಆ ಚುಕ್ಕಿ ಕಪ್ಪಾಗುತ್ತದೆ.

ಈಗ ಅಡ್ಡಕ್ಕೆ ನೂರು ಸಾಲು, ಉದ್ದಕ್ಕೆ ನೂರು ಕಂಬ ಇರುವ ಪರದೆ ಅಂದುಕೊಳ್ಳಿ. ಚುಕ್ಕಿ 10,000. ಒಂದೊಂದಕ್ಕೂ ಒಂದೊಂದು ತಂತಿ ಎಳೆಯಲು ಆಗುತ್ತದೆಯೇ? ಅದಕ್ಕೇ ಸಾಲಿಗೊಂದು, ಕಂಬಕ್ಕೊಂದು ಎಂದು 200 ದಾರಿ ಸಾಕು ಮಾಡುತ್ತಾರೆ. ಸಾಲಿಗೂ ಕಂಬಕ್ಕೂ ಒಟ್ಟಿಗೆ ಸಂಕೇತ ಹೋದಾಗ ಅವು ಕೂಡುವ ಚುಕ್ಕಿ ಎದ್ದು ಕಾಣುತ್ತದೆ. ಒಂದು ಕಂಬದ ದಾರಿ ಕಡಿದರೆ ನೂರು ಚುಕ್ಕಿ ಒಟ್ಟಿಗೆ ಹೋಗುತ್ತವೆ. ಹಾಗಾಗಿ ನೆಟ್ಟಗಿನ ಗೆರೆ ಮಾಯವಾಗಿದೆ ಎಂದರೆ ಬಹುಪಾಲು ಗಾಜು ಚೆನ್ನಾಗಿಯೇ ಇದೆ, ಜೋಡಣೆ ಸಡಿಲವಾಗಿದೆ ಎಂದರ್ಥ. ಮೂಲೆಯಿಂದ ಕಪ್ಪು ಕಲೆ ಹರಡುತ್ತಿದ್ದರೆ ಮಾತ್ರ ಗಾಜೋ ಅದರ ಮೇಲಿನ ಹಾಳೆಯೋ ಕೆಟ್ಟಿರುತ್ತದೆ. ಅದು ಬೇರೆ ಕಥೆ.

ಆ ಜೋಡಣೆ ನಿಜಕ್ಕೂ ಸೂಕ್ಷ್ಮವಾದದ್ದು. ಗಾಜಿನ ಮೇಲಿರುವುದು ಕಣ್ಣಿಗೆ ಕಾಣದ, ಇಂಡಿಯಂ ಮತ್ತು ತವರದ ಆಕ್ಸೈಡಿನ ಪಾರದರ್ಶಕ ಲೇಪ. ಮಾಮೂಲಿ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಬೋರ್ಡಿನಿಂದ ಸಂಕೇತ ತರುವ ಪ್ಲಾಸ್ಟಿಕ್ ರಿಬ್ಬನ್ನೊಂದನ್ನು, ವಿದ್ಯುತ್ ಹರಿಸುವ ಪುಟ್ಟ ಪುಟ್ಟ ಕಣಗಳಿರುವ ಅಂಟಿನಿಂದ ಬಿಸಿಮಾಡಿ ಒತ್ತಿ ಕೂರಿಸುತ್ತಾರೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದುಂಟು. ಅಂಟು ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಗಾಜಿಗಿಂತ ಜಾಸ್ತಿ ಹಿಗ್ಗುತ್ತದೆ. ಮೇಲಿಂದ ಮುಂಬೈಯ ತೇವ ಬೇರೆ. ವರ್ಷಗಟ್ಟಲೆ ಹೀಗೆ ಎಳೆದಾಡಿಸಿಕೊಂಡು ಅಂಟು ಕೈಬಿಡುತ್ತದೆ. ಒತ್ತಿದಾಗ ಗೆರೆ ವಾಪಸ್ ಬಂದದ್ದು ಇದಕ್ಕೇ.

ಕುಂದಾಪುರದವರು ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಆಮೇಲೆ ಮೀಟರ್ ಹೊರತೆಗೆದರು. ಹಳೆಯ ರಿಬ್ಬನ್ ಕಿತ್ತು, ಗಾಜಿನ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿದರು. ಭೂತಗನ್ನಡಿಯಲ್ಲಿ ನೋಡುತ್ತಾ ಹೊಸ ರಿಬ್ಬನ್ನಿನ ಗೆರೆಗಳನ್ನು ಗಾಜಿನ ಗೆರೆಗಳಿಗೆ ಸರಿಹೊಂದಿಸಲು ಅರ್ಧ ಗಂಟೆ ಹಿಡಿಯಿತು. ಒಂದು ಗೆರೆ ಆಚೀಚೆ ಆದರೂ ಪಕ್ಕದ ಕಂಬಕ್ಕೆ ಸಂಕೇತ ಹೋಗುತ್ತದೆ. ಆಮೇಲೆ ರಿಬ್ಬನ್ನಿನ ಮೇಲೆ ಸಿಲಿಕೋನ್ ರಬ್ಬರ್ ಪಟ್ಟಿ ಇಟ್ಟು, ಚಪ್ಪಟೆ ತುದಿಯ ಬಿಸಿ ಬೆಸುಗೆ ಕಡ್ಡಿಯಿಂದ ನಿಧಾನವಾಗಿ ಒತ್ತಿದರು. ಮೀಟರಿನ ಮುಳ್ಳುಗಳನ್ನು ಸುಮ್ನೆ ಎಳೆಯಬಾರದು, ಎಲ್ಲಿ ನಿಂತಿವೆ ಎಂದು ಗುರುತು ಮಾಡಿಯೇ ತೆಗೆಯಬೇಕು ಎಂದೂ ಹೇಳಿದರು. ತಪ್ಪು ಜಾಗದಲ್ಲಿ ಕೂರಿಸಿದರೆ ವೇಗವನ್ನೇ ತಪ್ಪು ತೋರಿಸುತ್ತವೆ.

ಕಾರು ಓಡಿದ ಕಿಲೋಮೀಟರ್ ಲೆಕ್ಕ ಎಷ್ಟೋ ಕಾರುಗಳಲ್ಲಿ ಈ ಮೀಟರಿನ ಬೋರ್ಡಿನ ಚಿಪ್‌ನಲ್ಲೇ ಕುಳಿತಿರುತ್ತದೆ. ಬೇರೆ ಗಾಡಿಯ ಮೀಟರ್ ತಂದು ಹಾಕಿದರೆ ಅದರ ಲೆಕ್ಕವೂ ಜೊತೆಗೇ ಬರಬಹುದು. ನಾಳೆ ಕಾರು ಕೊಳ್ಳುವವರಿಗೆ ಅದು ಮೋಸ, ಅಲ್ವಾ? ನಮ್ಮ ಮೀಟರಿನಲ್ಲಿ ನಮ್ಮ ಲೆಕ್ಕವೇ ಉಳಿಯಿತು ಎನ್ನುವುದು ನನಗೆ ದುಡ್ಡು ಉಳಿದದ್ದಕ್ಕಿಂತ ದೊಡ್ಡ ಸಮಾಧಾನ.

ಎಲ್ಲ ಜೋಡಿಸಿದ ಮೇಲೂ ಅವರು ಹಾಗೇ ಕೊಡಲಿಲ್ಲ. ಕೂದಲು ಒಣಗಿಸುವ ಡ್ರೈಯರ್ ಹಿಡಿದು ಗಾಜಿಗೆ ಹತ್ತು ನಿಮಿಷ ಬಿಸಿಗಾಳಿ ಬಿಟ್ಟರು. ಇಬ್ಬರೂ ಬಗ್ಗಿ ಕಂಬಗಳನ್ನು ಎಣಿಸಿದೆವು. ಎಂಟು ಎಂಟಾಗಿಯೇ ನಿಂತಿತ್ತು.