ಕಾಮಾಲೆಯೇ ಬಂದಿಲ್ಲ, ಆದ್ರೂ ಹೆಪಟೈಟಿಸ್ ಬಿ ಪಾಸಿಟಿವ್: ಲಿವರ್ ಹಾಳಾಗುತ್ತಾ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರ ಹಳ್ಳಿ. ವಯಸ್ಸು 34. ರಕ್ತದಾನ ಮಾಡಿದ ಮೇಲೆ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಫೋನ್ ಬಂತು. ದಿನವೂ ಗದ್ದೆಗೆ ಹೋಗ್ತೀನಿ, ಸುಸ್ತು ಕೂಡ ಇಲ್ಲ. ಮುಂದೆ ಲಿವರ್‌ಗೆ ತೊಂದರೆ ಆಗುತ್ತಾ?

ಉತ್ತರ: ಆಗಲೇಬೇಕು ಅಂತೇನಿಲ್ಲ. ಆದರೆ ಆ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಲಿವರ್ ಅಷ್ಟು ಸುಲಭಕ್ಕೆ ನೋವು ತೋರಿಸುವುದಿಲ್ಲ. ಒಂದು ಭಾಗ ಕೆಟ್ಟರೂ ಉಳಿದದ್ದು ಕೆಲಸ ತೂಗಿಸಿಕೊಂಡು ಹೋಗುತ್ತದೆ.

ಹೆಪಟೈಟಿಸ್ ಬಿ ಅಂದರೆ ಲಿವರ್‌ಗೆ ತಗಲುವ ಒಂದು ವೈರಸ್. ಹುಟ್ಟುವಾಗ ತಾಯಿಯಿಂದ ಈ ವೈರಸ್ ತಗುಲಿದರೆ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಅದು ಮೈಯಲ್ಲೇ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ 100ಕ್ಕೆ 5 ಜನಕ್ಕೂ ಉಳಿಯುವುದಿಲ್ಲ. 6 ತಿಂಗಳಾದ ಮೇಲೂ ಪಾಸಿಟಿವ್ ಬಂದರೆ ಉಳಿದಿದೆ ಅಂತ ಅರ್ಥ.

ಲಿವರ್ ಕೆಡಿಸುವುದು ಬಹುಪಾಲು ವೈರಸ್ ಅಲ್ಲ. ವೈರಸ್ ಹೊಕ್ಕ ಜೀವಕೋಶಗಳ ಮೇಲೆ ನಮ್ಮ ದೇಹವೇ ದಾಳಿ ಮಾಡುತ್ತದೆ. ಒಳಗೆ ಗಾಯ, ಮಾಯುವುದು, ಮತ್ತೆ ಗಾಯ. ಮಾಯ್ದ ಜಾಗದಲ್ಲಿ ಗಟ್ಟಿ ಕಲೆ. ಹತ್ತಿಪ್ಪತ್ತು ವರ್ಷ ಹೀಗೇ ನಡೆದರೆ ಲಿವರ್ ಗಂಟುಗಂಟಾಗುತ್ತದೆ. ಅದೇ ಸಿರೋಸಿಸ್. ನಾಲೆಗೆ ಹೂಳು ತುಂಬಿದರೆ ನೀರು ಮುಂದಕ್ಕೆ ಹೋಗದೆ ಹಿಂದಕ್ಕೇ ಏರಿ ಏರಿ ದಂಡೆ ಒಡೆಯುತ್ತದೆ, ಅಲ್ವಾ? ಇಲ್ಲೂ ರಕ್ತ ಹಿಂದಕ್ಕೆ ಒತ್ತಿ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ರಕ್ತವಾಂತಿ. ಹೊಟ್ಟೆಯಲ್ಲಿ ನೀರು ತುಂಬುವುದಕ್ಕೂ ಈ ಒತ್ತಡವೇ ಮುಖ್ಯ ಕಾರಣ.

ಮದ್ದೂರಿನ ನಮ್ಮ ನೆಂಟರೊಬ್ಬರು ಹೀಗೇ ರಿಪೋರ್ಟ್ ಮಡಚಿಟ್ಟಿದ್ದರು. ಕಡೆಗೆ ನೋಡಿದಾಗ ಊದಿದ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಹಾಗೇ ಕೂತಿತ್ತು. ಮೊದಲೇ ತೋರಿಸಬಹುದಿತ್ತು ಅನ್ನುವ ಸಂಕಟ ನನಗೆ ಇನ್ನೂ ಹೋಗಿಲ್ಲ.

ನೀವು ತಡ ಮಾಡಬೇಡಿ. ವೈರಸ್ ಎಷ್ಟಿದೆ ಅನ್ನುವ ಡಿಎನ್‌ಎ ಟೆಸ್ಟ್, ಲಿವರ್‌ಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಎಎಲ್‌ಟಿ ರಕ್ತಪರೀಕ್ಷೆ, ಲಿವರ್ ಸ್ಕ್ಯಾನ್ ಮಾಡಿಸಿ. ಎಲ್ಲರಿಗೂ ಮಾತ್ರೆ ಬೇಕಿಲ್ಲ. ಬೇಕಾದವರಿಗೆ ಟೆನೋಫೊವಿರ್ ಅಥವಾ ಎಂಟೆಕಾವಿರ್ ಕೊಡುತ್ತಾರೆ. ವೈರಸ್ ಪೂರ್ತಿ ಹೋಗುವುದು ಅಪರೂಪ, ಆದರೆ ಹಿಡಿತಕ್ಕೆ ಬರುತ್ತದೆ. ಸುಮ್ನೆ ನೀವೇ ಮಾತ್ರೆ ನಿಲ್ಲಿಸಬೇಡಿ, ಕಾಯಿಲೆ ಒಮ್ಮೆಗೇ ಕೆರಳಬಹುದು. ಹೆಪಟೈಟಿಸ್ ಬಿ ಇದ್ದರೆ ಸಿರೋಸಿಸ್ ಆಗದೆಯೂ ಲಿವರ್ ಕ್ಯಾನ್ಸರ್ ಬರುವುದುಂಟು. ಅದಕ್ಕೇ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತ ಡಾಕ್ಟರ್ ಹೇಳುತ್ತಾರೋ ಅಷ್ಟು ದಿನಕ್ಕೆ ತಪ್ಪದೆ ಹೋಗಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಉಚಿತ. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾಮಾಲೆಗೆ ನಾಟಿ ಔಷಧಿ ಕೊಡುವವರ ಹತ್ತಿರ ಹೋಗಿ ಅಂತ ಊರಲ್ಲಿ ಹೇಳುವವರು ಜಾಸ್ತಿ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ, ಹೆಸರು ಔಷಧಿಗೆ ಹೋಗುತ್ತದೆ. ನಿಮ್ಮದು ಆ ಕಾಯಿಲೆ ಅಲ್ಲ. ಕುಡಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹೆಂಡತಿ ಮಕ್ಕಳಿಗೆ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದು ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ. ಮನೆಯಲ್ಲಿ ನಿಮ್ಮ ತಟ್ಟೆ ಲೋಟ ಬೇರೆ ಇಡುವುದು ಬೇಡ. ಜೊತೆಯಲ್ಲಿ ಕೂತು ಮುದ್ದೆ ಉಂಡರೆ ಇದು ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಶ್ ಮಾತ್ರ ನಿಮಗೇ ಬೇರೆ ಇರಲಿ.